ಬರ್ಲಿನ್‌ನಲ್ಲಿ ದೀಪ ಆರಿದ ಐದು ದಿನ: ಜರ್ಮನಿಯಲ್ಲಿ ಕ್ರಾಂತಿ ಗೆದ್ದಿದ್ದರೆ?

1920ರ ಮಾರ್ಚ್ 15, ಸೋಮವಾರ. ಬರ್ಲಿನ್‌ನಲ್ಲಿ ನೀರಿಲ್ಲ, ಗ್ಯಾಸ್ ಇಲ್ಲ, ಕರೆಂಟ್ ಇಲ್ಲ. ಟ್ರಾಮ್ ನಿಂತಿದೆ, ರೈಲು ನಿಂತಿದೆ. ಎರಡು ದಿನದ ಹಿಂದೆ ಬಂದೂಕು ಹಿಡಿದು ನಗರಕ್ಕೆ ನುಗ್ಗಿದ ಬಲಪಂಥೀಯ ಸೈನಿಕರು ಸರ್ಕಾರಿ ಕಟ್ಟಡಗಳಲ್ಲಿ ಕೂತಿದ್ದಾರೆ. ಅವರ ನಾಯಕ ವೋಲ್ಫ್‌ಗಾಂಗ್ ಕಾಪ್ ತಾನೇ ಚಾನ್ಸಲರ್ ಎಂದು ಘೋಷಿಸಿಕೊಂಡಿದ್ದಾನೆ. ಆದರೆ ಅವನ ಮಾತು ಕೇಳುವವರಿಲ್ಲ. ಸೈನಿಕರಿಗೆ ಕೊಡಲು ದುಡ್ಡು ಬೇಕು ಎಂದರೆ ಕೇಂದ್ರ ಬ್ಯಾಂಕಾದ ರೈಕ್ಸ್‌ಬ್ಯಾಂಕಿನ ಅಧಿಕಾರಿಗಳು ಆಗಲ್ಲ ಎನ್ನುತ್ತಾರೆ. ಕಚೇರಿಗಳಿವೆ, ಗುಮಾಸ್ತರಿಲ್ಲ. ಮಾರ್ಚ್ 17ಕ್ಕೆ ಕಾಪ್ ಓಡಿಹೋದ.

ಅವನನ್ನು ಓಡಿಸಿದ್ದು ಇನ್ನೊಂದು ಸೈನ್ಯವಲ್ಲ. ಸುಮಾರು 1.2 ಕೋಟಿ ಜನ ಕೆಲಸ ನಿಲ್ಲಿಸಿದ್ದರು, ಅಷ್ಟೇ. ಮುಂದುವರಿದ ಕೈಗಾರಿಕಾ ದೇಶವೊಂದರಲ್ಲಿ ಕಮ್ಯುನಿಸ್ಟ್ ಕ್ರಾಂತಿ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವಾಗ ನನಗೆ ಮೊದಲು ನೆನಪಾಗುವುದು ಈ ಐದು ದಿನ. ಹೆಚ್ಚಿನವರು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಶುರು ಮಾಡುತ್ತಾರೆ. ಅದಕ್ಕೆ ಆಮೇಲೆ ಬರೋಣ. ಮೊದಲು, ಈ ಪ್ರಶ್ನೆ ಯಾಕೆ ಹುಟ್ಟಿತು ಅನ್ನುವುದು ಗೊತ್ತಿರಬೇಕು.

ಬರಬೇಕಾದ ಕಡೆ ಬರಲಿಲ್ಲ

ಮಾರ್ಕ್ಸ್ ಮತ್ತು ಎಂಗೆಲ್ಸ್ ಲೆಕ್ಕ ಸರಳವಾಗಿತ್ತು. ಕಾರ್ಖಾನೆಗಳು ಹೆಚ್ಚಿದಷ್ಟೂ ಕಾರ್ಮಿಕರು ಹೆಚ್ಚುತ್ತಾರೆ, ಒಂದೇ ಸೂರಿನಡಿ ಸೇರುತ್ತಾರೆ, ಸಂಘ ಕಟ್ಟುತ್ತಾರೆ. ಹಾಗಾಗಿ ಸಮಾಜವಾದ ಬರುವುದು ಬಂಡವಾಳಶಾಹಿ ಚೆನ್ನಾಗಿ ಬೆಳೆದ ಕಡೆ. 1848ರ ತಮ್ಮ ಪ್ರಣಾಳಿಕೆಯಲ್ಲಿ, ಕಮ್ಯುನಿಸ್ಟರ ಕಣ್ಣು ಮುಖ್ಯವಾಗಿ ಜರ್ಮನಿಯ ಮೇಲಿದೆ ಎಂದೇ ಅವರು ಬರೆದಿದ್ದರು. ರಷ್ಯಾದ ಬಗ್ಗೆ ಯೋಚನೆ ಬಂದದ್ದು ಬಹಳ ತಡವಾಗಿ. 1882ರಲ್ಲಿ ಪ್ರಣಾಳಿಕೆಯ ರಷ್ಯನ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಅವರು ಒಂದು ಷರತ್ತು ಇಟ್ಟರು. ರಷ್ಯಾದ ಕ್ರಾಂತಿ ಪಶ್ಚಿಮದ ಕಾರ್ಮಿಕ ಕ್ರಾಂತಿಗೆ ಕಿಡಿ ಹೊತ್ತಿಸಿ, ಎರಡೂ ಒಂದಕ್ಕೊಂದು ಪೂರಕವಾದರೆ ಮಾತ್ರ ಅಲ್ಲಿಯ ಹಳ್ಳಿಗಳ ಸಾಮೂಹಿಕ ಭೂಮಿ ಸಮಾಜವಾದಕ್ಕೆ ನೆಲೆಯಾದೀತು ಎಂದರು.

ಲೆನಿನ್‌ಗೂ ಇದು ಗೊತ್ತಿತ್ತು. 1917ರಲ್ಲಿ ಬೊಲ್ಶೆವಿಕರು ಅಧಿಕಾರ ಹಿಡಿದಾಗ ರಷ್ಯಾದಲ್ಲಿ ಸುಮಾರು ಐದರಲ್ಲಿ ನಾಲ್ಕು ಜನ ರೈತಾಪಿಗಳು. 1918ರ ಮಾರ್ಚ್‌ನಲ್ಲಿ ಲೆನಿನ್ ತಮ್ಮ ಪಕ್ಷದ ಸಭೆಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದರು: ಜರ್ಮನಿಯಲ್ಲಿ ಕ್ರಾಂತಿ ಆಗದಿದ್ದರೆ ನಾವು ಮುಗಿದೆವು. ಅಂದರೆ ರಷ್ಯಾ ಅವರಿಗೆ ಬಾಗಿಲು ಮಾತ್ರ. ಮನೆ ಇದ್ದದ್ದು ಬರ್ಲಿನ್‌ನಲ್ಲಿ.

ಆ ಮನೆ ಎಷ್ಟು ದೊಡ್ಡದು? ಮೊದಲ ಮಹಾಯುದ್ಧಕ್ಕೆ ಮುಂಚೆ, 1913ರಲ್ಲಿ, ಜರ್ಮನಿ ಸುಮಾರು 1.7 ಕೋಟಿ ಟನ್ ಉಕ್ಕು ಮಾಡುತ್ತಿತ್ತು. ರಷ್ಯಾ ಮಾಡುತ್ತಿದ್ದದ್ದು ಅದರ ಕಾಲು ಭಾಗ. ಜರ್ಮನಿಯ ದುಡಿಯುವ ಜನರಲ್ಲಿ ಬೇಸಾಯಕ್ಕೆ ಉಳಿದವರು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. 1912ರ ಚುನಾವಣೆಯಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಶೇ 34.8 ಮತ ಪಡೆದು, 397ರಲ್ಲಿ 110 ಸ್ಥಾನ ಗೆದ್ದು ಸಂಸತ್ತಿನ ಅತಿ ದೊಡ್ಡ ಪಕ್ಷವಾಯಿತು. 1914ರ ಹೊತ್ತಿಗೆ ಅದರ ಸದಸ್ಯರೇ 10 ಲಕ್ಷ ದಾಟಿದ್ದರು. ಸುಮಾರು 90 ದಿನಪತ್ರಿಕೆಗಳು ಆ ಪಕ್ಷದವು. ಕಾರ್ಮಿಕರ ಗಾಯನ ಸಂಘ, ಕಾರ್ಮಿಕರ ಸೈಕಲ್ ಸಂಘ, ಕಾರ್ಮಿಕರ ಗ್ರಂಥಾಲಯ, ಎಲ್ಲವೂ ಇತ್ತು.

ತೊಡಕು ಇರುವುದೂ ಇಲ್ಲೇ. ಪ್ರಣಾಳಿಕೆಯ ಕೊನೆಯಲ್ಲಿ ಕಾರ್ಮಿಕರಿಗೆ ಕಳೆದುಕೊಳ್ಳಲು ಸಂಕೋಲೆ ಬಿಟ್ಟು ಬೇರೇನೂ ಇಲ್ಲ ಎಂಬ ಮಾತಿದೆ. ಆದರೆ ಜರ್ಮನ್ ಕಾರ್ಮಿಕನಿಗೆ ಕಳೆದುಕೊಳ್ಳಲು ಬೇಕಾದಷ್ಟು ಇತ್ತು! ಸಂಘದ ನಿಧಿ, ಪತ್ರಿಕೆ, ಮತದ ಹಕ್ಕು. ಬಿಸ್ಮಾರ್ಕ್ ಕಾಲದಲ್ಲೇ ಬಂದ ಆರೋಗ್ಯ ವಿಮೆ, ಅಪಘಾತ ವಿಮೆ, ವೃದ್ಧಾಪ್ಯ ಪಿಂಚಣಿ. ಕ್ರಾಂತಿ ಮಾಡಬಲ್ಲಷ್ಟು ಬಲ ಬಂದಾಗ, ಆ ಬಲವನ್ನೇ ಪಣಕ್ಕಿಡಲು ಮನಸ್ಸು ಬರುವುದಿಲ್ಲ. ಕೈಗಾರಿಕಾ ದೇಶದಲ್ಲಿ ಕ್ರಾಂತಿ ಯಾಕೆ ಕಷ್ಟ ಎಂದರೆ ನಾನು ಮೊದಲು ಕೊಡುವ ಕಾರಣ ಇದು. ಪೊಲೀಸು, ಸೈನ್ಯ ಎಲ್ಲ ಆಮೇಲಿನ ಮಾತು. 1914ರ ಆಗಸ್ಟ್ 4ರಂದು ಇದೇ ಪಕ್ಷ ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಮತ ಹಾಕಿತು. ಆ ವರ್ಷದ ಡಿಸೆಂಬರ್‌ನಲ್ಲಿ ಎರಡನೇ ಸಲ ಸಾಲದ ಪ್ರಶ್ನೆ ಬಂದಾಗ ವಿರುದ್ಧ ಕೈ ಎತ್ತಿದ್ದು ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬರೇ.

ಎಲ್ಲರೂ ಆರಿಸಿಕೊಳ್ಳುವ ತಿರುವು

ಪರ್ಯಾಯ ಇತಿಹಾಸ ಅಂದರೆ ಸುಮ್ನೆ ಕನಸು ಕಾಣುವುದಲ್ಲ. ನಡೆದದ್ದರಲ್ಲಿ ಒಂದೇ ಒಂದು ಎಳೆ ಬದಲಿಸಿ, ಉಳಿದದ್ದನ್ನು ಇದ್ದ ಹಾಗೇ ಬಿಟ್ಟು, ಮುಂದೆ ಏನಾದೀತು ಎಂದು ನೋಡುವುದು. ಹಾಗಾಗಿ ಯಾವ ಎಳೆ ಬದಲಿಸುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಜರ್ಮನಿಯ ವಿಷಯ ಬಂದರೆ ಬಹಳ ಜನ 1919ರ ಜನವರಿಯನ್ನು ಆರಿಸಿಕೊಳ್ಳುತ್ತಾರೆ. ಕಥೆ ಹೀಗಿದೆ. 1918ರ ಅಕ್ಟೋಬರ್ ಕೊನೆಯಲ್ಲಿ ಯುದ್ಧ ಸೋತದ್ದು ಖಚಿತವಾಗಿದ್ದರೂ ನೌಕಾಪಡೆಯ ಅಧಿಕಾರಿಗಳು ಬ್ರಿಟಿಷರ ಜೊತೆ ಕೊನೆಯ ಕಾಳಗಕ್ಕೆ ಹೊರಟರು. ನಾವಿಕರು ಹೊರಡಲು ಒಪ್ಪಲಿಲ್ಲ. ನವೆಂಬರ್ ಮೊದಲ ವಾರ ಕೀಲ್ ಬಂದರು ದಂಗೆಕೋರರ ಕೈಗೆ ಬಂತು. ಅಲ್ಲಿಂದ ಊರಿಂದ ಊರಿಗೆ ಕಾರ್ಮಿಕರ ಮತ್ತು ಸೈನಿಕರ ಕೌನ್ಸಿಲ್‌ಗಳು ಎದ್ದವು. ನವೆಂಬರ್ 9ಕ್ಕೆ ಕೈಸರ್, ಅಂದರೆ ಚಕ್ರವರ್ತಿ, ಕೆಳಗಿಳಿದ ಸುದ್ದಿ ಹೊರಬಿತ್ತು. ಒಂದೇ ದಿನ, ಒಂದೇ ನಗರದಲ್ಲಿ, ಎರಡು ಗಣರಾಜ್ಯ ಘೋಷಣೆಯಾದವು. ಸಂಸತ್ ಭವನದಿಂದ ಸೋಷಿಯಲ್ ಡೆಮಾಕ್ರಟ್ ನಾಯಕ ಶೈಡೆಮಾನ್ ಒಂದು, ಅರಮನೆಯಿಂದ ಲೀಬ್‌ಕ್ನೆಕ್ಟ್ ಇನ್ನೊಂದು. ಮರುದಿನ ರಾತ್ರಿ, ಸರ್ಕಾರದ ಮುಖ್ಯಸ್ಥರಾದ ಸೋಷಿಯಲ್ ಡೆಮಾಕ್ರಟ್ ಫ್ರೀಡ್ರಿಕ್ ಎಬರ್ಟ್ ಮತ್ತು ಸೇನಾಧಿಕಾರಿ ಗ್ರೋನರ್ ಫೋನಿನಲ್ಲಿ ಒಪ್ಪಂದಕ್ಕೆ ಬಂದರು: ಸೈನ್ಯ ಸರ್ಕಾರವನ್ನು ಕಾಯುತ್ತದೆ, ಸರ್ಕಾರ ಅಧಿಕಾರಿಗಳ ತಂಟೆಗೆ ಹೋಗುವುದಿಲ್ಲ.

ಜನವರಿ 5ರಂದು ಬರ್ಲಿನ್‌ನ ಪೊಲೀಸ್ ಮುಖ್ಯಸ್ಥ ಐಕ್‌ಹಾರ್ನ್ ಅವರನ್ನು ತೆಗೆದುಹಾಕಿದ್ದನ್ನು ವಿರೋಧಿಸಿ ಲಕ್ಷಾಂತರ ಜನ ಬೀದಿಗೆ ಬಂದರು. ಮರುದಿನವೂ ಬಂದರು. ಚಳಿಯಲ್ಲಿ ನಿಂತರು. ನಾಯಕರು ಒಳಗೆ ಚರ್ಚೆ ಮಾಡುತ್ತಲೇ ಇದ್ದರು. ಜನ ಮನೆಗೆ ಹೋದರು. ಜನವರಿ 15ರಂದು ಫ್ರೈಕೋರ್ ಎಂಬ ಖಾಸಗಿ ಪಡೆಯವರು ಕ್ರಾಂತಿಕಾರಿ ನಾಯಕಿ ರೋಸಾ ಲಕ್ಸೆಂಬರ್ಗ್ ಮತ್ತು ಲೀಬ್‌ಕ್ನೆಕ್ಟ್ ಇಬ್ಬರನ್ನೂ ಕೊಂದರು.

ಇದನ್ನು ಓದಿದ ಯಾರಿಗಾದರೂ ಅಯ್ಯೋ ಅನ್ನಿಸುತ್ತದೆ. ರೋಸಾ ಬದುಕಿದ್ದರೆ, ಒಳಗೆ ಚರ್ಚಿಸುತ್ತಿದ್ದ ಆ ನಾಯಕರು ಒಂದು ನಿರ್ಧಾರ ಮಾಡಿದ್ದರೆ ಎಂದು ಆಸೆ ಹುಟ್ಟುತ್ತದೆ. ಆದರೆ ಈ ಎಳೆ ಭಾರ ಹೊರುವುದಿಲ್ಲ. ಮೂರು ವಾರ ಹಿಂದೆ ಹೋಗಿ ನೋಡಿ. 1918ರ ಡಿಸೆಂಬರ್ 16ರಿಂದ 20ರವರೆಗೆ ದೇಶದ ಎಲ್ಲ ಕೌನ್ಸಿಲ್‌ಗಳ ಪ್ರತಿನಿಧಿಗಳು ಬರ್ಲಿನ್‌ನಲ್ಲಿ ಸೇರಿದ್ದರು. ಅಧಿಕಾರ ಕೌನ್ಸಿಲ್‌ಗಳ ಕೈಯಲ್ಲೇ ಇರಲಿ ಎಂಬ ಪ್ರಸ್ತಾವಕ್ಕೆ ಬಿದ್ದ ಮತ 98, ವಿರುದ್ಧ 344. ರಷ್ಯಾದಲ್ಲಿ ಸೋವಿಯತ್‌ಗಳು, ಅಂದರೆ ಇಂಥವೇ ಕೌನ್ಸಿಲ್‌ಗಳು, ಬೊಲ್ಶೆವಿಕರ ಕಡೆ ತಿರುಗಿದ್ದವು. ಜರ್ಮನಿಯಲ್ಲಿ ಅವೇ ಸೋವಿಯತ್‌ಗಳು ನಮಗೆ ಸಂಸತ್ತು ಸಾಕು ಎಂದವು. ಆ ಸಭೆಗೆ ರೋಸಾ ಆಗಲಿ ಲೀಬ್‌ಕ್ನೆಕ್ಟ್ ಆಗಲಿ ಪ್ರತಿನಿಧಿಗಳಾಗಿ ಹೋಗಿರಲೂ ಇಲ್ಲ. ವರ್ಷದ ಕೊನೆಗೆ ಹುಟ್ಟಿದ ಕಮ್ಯುನಿಸ್ಟ್ ಪಕ್ಷ ಬಹಳ ಚಿಕ್ಕದು. ಚುನಾವಣೆಗೆ ನಿಲ್ಲೋಣ ಎಂದು ರೋಸಾ ಹೇಳಿದರೂ ಅವರದೇ ಪಕ್ಷದವರು ಅದನ್ನು ಸೋಲಿಸಿದರು.

ಇನ್ನೂ ಒಂದು ವಿಷಯ. 1919ರ ಜನವರಿಯಲ್ಲಿ ಬ್ರಿಟನ್ನಿನ ನೌಕಾ ದಿಗ್ಬಂಧನ ಇನ್ನೂ ಇತ್ತು. ಅದು ತೆರೆದದ್ದು ಆ ವರ್ಷದ ಜುಲೈನಲ್ಲಿ. ರೈನ್ ನದಿಯ ಎಡದಂಡೆಯಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಕೂತಿತ್ತು. ಬರ್ಲಿನ್ ಹಿಡಿದರೂ ಅನ್ನ ಎಲ್ಲಿಂದ ತರುವುದು? ಹಂಗೇರಿಯಲ್ಲಿ ಬೇಲಾ ಕುನ್ ಸರ್ಕಾರ 1919ರ ಮಾರ್ಚ್ 21ರಂದು ಬಂದು 133 ದಿನಕ್ಕೆ ಮುಗಿಯಿತು. ಹೊರಗಿನಿಂದ ರೊಮೇನಿಯದ ಸೈನ್ಯ ಬಂತು. ಒಳಗೆ, ದೊಡ್ಡ ಜಮೀನುಗಳನ್ನು ಹಂಚದೆ ಸರ್ಕಾರದ ಸ್ವತ್ತು ಮಾಡಿಕೊಂಡದ್ದರಿಂದ ರೈತರು ಮುಖ ತಿರುಗಿಸಿದ್ದರು. ಜನವರಿಯಲ್ಲಿ ಗೆದ್ದ ಬರ್ಲಿನ್ ಹೆಚ್ಚುಕಡಿಮೆ ಇದೇ ದಾರಿ ಹಿಡಿಯುತ್ತಿತ್ತು ಎಂದು ನನ್ನ ಅಂದಾಜು.

ಹಾಗಾದರೆ 1920ರ ಮಾರ್ಚ್ ಯಾಕೆ?

ಒಂದು ವರ್ಷದಲ್ಲಿ ನಾಲ್ಕು ವಿಷಯ ಬದಲಾಗಿದ್ದವು. ಸೋತ ಜರ್ಮನಿಯ ಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿತ್ತು, ಆದ್ದರಿಂದ ಆ ಅವಮಾನದ ಸಹಿ ಕ್ರಾಂತಿಕಾರಿಗಳ ತಲೆಗೆ ಬರುತ್ತಿರಲಿಲ್ಲ. ದಿಗ್ಬಂಧನ ಹೋಗಿತ್ತು. ಎಬರ್ಟ್ ಪಕ್ಷದ ಮೇಲೆ ಕಾರ್ಮಿಕರಿಗಿದ್ದ ನಂಬಿಕೆ ಕರಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಕಾನೂನು ಮುರಿದವರು ಈ ಸಲ ಬಲಪಂಥೀಯರು. ವರ್ಸೇಲ್ಸ್ ಪ್ರಕಾರ ಸೈನ್ಯವನ್ನು 1 ಲಕ್ಷಕ್ಕೆ ಇಳಿಸಬೇಕಿತ್ತು. ವಿಸರ್ಜನೆಯ ಆದೇಶ ಬಂದ ಎರ್ಹಾರ್ಟ್ ಎಂಬ ಫ್ರೈಕೋರ್ ಪಡೆ ಅದಕ್ಕೆ ಒಪ್ಪದೆ ಮಾರ್ಚ್ 13ರ ಬೆಳಗ್ಗೆ ಬರ್ಲಿನ್‌ಗೆ ಬಂತು. ಸೈನ್ಯದ ಮೇಲೆ ಸೈನ್ಯ ಗುಂಡು ಹಾರಿಸುವುದಿಲ್ಲ ಎಂಬ ನಿಲುವು ಸೇನಾಧಿಕಾರಿ ಸೀಕ್ಟ್‌ರದು. ಕಾಯುತ್ತೇವೆ ಎಂದಿದ್ದ ಸೈನ್ಯ ಕಾಯಲಿಲ್ಲ. ಸರ್ಕಾರ ಡ್ರೆಸ್ಡನ್‌ಗೆ, ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ಓಡಿತು.

ಆಗ ಮುಷ್ಕರವನ್ನು ನಡೆಸಿದವರು ಕಾರ್ಲ್ ಲೆಗೀನ್. ಇವರು ಕ್ರಾಂತಿಕಾರಿ ಅಲ್ಲವೇ ಅಲ್ಲ. ದಶಕಗಳಿಂದ ಕಾರ್ಮಿಕ ಸಂಘಗಳ ಒಕ್ಕೂಟದ ಮುಖ್ಯಸ್ಥ, ಲೆಕ್ಕಾಚಾರದ ಮನುಷ್ಯ, ರಾಜಕೀಯ ಮುಷ್ಕರ ಎಂದರೆ ಬೇಡ ಎನ್ನುತ್ತಿದ್ದವರು. 1918ರ ನವೆಂಬರ್‌ನಲ್ಲಿ ಕೈಗಾರಿಕೋದ್ಯಮಿ ಸ್ಟಿನ್ನೆಸ್ ಜೊತೆ ಕೂತು 8 ಗಂಟೆ ಕೆಲಸದ ಒಪ್ಪಂದ ಮಾಡಿಕೊಂಡಿದ್ದು ಇವರೇ. ಇಂಥವರು ಈಗ ದೇಶವನ್ನೇ ನಿಲ್ಲಿಸಿದರು. ಕಾಪ್ ಓಡಿಹೋದ ಮೇಲೂ ಮುಷ್ಕರ ಮುಗಿಸಲಿಲ್ಲ. ಒಂಬತ್ತು ಬೇಡಿಕೆ ಇಟ್ಟರು. ಸರ್ಕಾರ ರಚನೆಯಲ್ಲಿ ಸಂಘಗಳಿಗೆ ನಿರ್ಣಾಯಕ ಮಾತು, ದಂಗೆ ಎದ್ದವರಿಗೆ ಶಿಕ್ಷೆ, ರಕ್ಷಣಾ ಸಚಿವ ನೋಸ್ಕೆ ರಾಜೀನಾಮೆ, ಕಲ್ಲಿದ್ದಲು ಗಣಿಗಳನ್ನು ಸಮಾಜದ ಸ್ವತ್ತು ಮಾಡುವುದು, ಆಹಾರ ಒಪ್ಪಿಸದ ಜಮೀನ್ದಾರರ ಭೂಮಿ ವಶ, ಕಾವಲಿನ ಕೆಲಸ ಸಂಘಟಿತ ಕಾರ್ಮಿಕರ ಕೈಗೆ. ಇವು ಅವುಗಳಲ್ಲಿ ಕೆಲವು. ಕಮ್ಯುನಿಸ್ಟ್ ಎಂಬ ಪದ ಎಲ್ಲೂ ಇಲ್ಲ. ಆದರೆ ಇಷ್ಟೂ ನಿಜವಾಗಿ ಜಾರಿಯಾದರೆ ಹಳೆಯ ರಾಜ್ಯದಲ್ಲಿ ಉಳಿಯುವುದಾದರೂ ಏನು?

ಅದೇ ಹೊತ್ತಿಗೆ ಪಶ್ಚಿಮದ ಕಲ್ಲಿದ್ದಲು ನಾಡಾದ ರೂರ್‌ನಲ್ಲಿ ಕಾರ್ಮಿಕರು ಬಂದೂಕು ಹಿಡಿದಿದ್ದರು. ಸುಮಾರು 50,000 ಜನರ 'ಕೆಂಪು ಸೈನ್ಯ' ಡಾರ್ಟ್‌ಮುಂಡ್, ಎಸ್ಸೆನ್ ನಗರಗಳನ್ನು ಹಿಡಿಯಿತು. ಅವರಲ್ಲಿ ಅನೇಕರು ನಾಲ್ಕು ವರ್ಷ ಯುದ್ಧಭೂಮಿಯಲ್ಲಿದ್ದವರು. ಬಂದೂಕು ಹೇಗೆ ಹಿಡಿಯಬೇಕೆಂದು ಹೇಳಿಕೊಡಬೇಕಿರಲಿಲ್ಲ.

ಕಮ್ಯುನಿಸ್ಟ್ ಪಕ್ಷ ಏನು ಮಾಡಿತು? ಮಾರ್ಚ್ 13ರಂದು, ರೋಸಾರನ್ನು ಕೊಂದವರ ಗಣರಾಜ್ಯ ಉಳಿಸಲು ನಾವು ಬೆರಳೂ ಎತ್ತುವುದಿಲ್ಲ ಎಂದಿತು. ಮರುದಿನ ಮಾತು ಬದಲಿಸಿತು. ನಗು ಬರುತ್ತದೆ, ಆದರೆ ಅವರ ಸಿಟ್ಟು ಸುಳ್ಳಾಗಿರಲಿಲ್ಲ ಅಲ್ವಾ?

ಈಗ ನಾವು ಬದಲಿಸುವ ಎಳೆ. ಲೆಗೀನ್ ಎಡಪಂಥದ 'ಸ್ವತಂತ್ರ' ಸೋಷಿಯಲ್ ಡೆಮಾಕ್ರಟರಿಗೆ ಒಂದು ಆಹ್ವಾನ ಕೊಟ್ಟರು: ಬನ್ನಿ, ಎರಡೂ ಪಕ್ಷ ಮತ್ತು ಸಂಘಗಳು ಸೇರಿ ಕಾರ್ಮಿಕರ ಸರ್ಕಾರ ಮಾಡೋಣ. 1917ರಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಒಡೆದು ಹೊರಬಂದ ಈ ಪಕ್ಷಕ್ಕೆ ಆಗ ಕಾರ್ಖಾನೆಗಳಲ್ಲಿ ದೊಡ್ಡ ಬಲವಿತ್ತು. ನಿಜದಲ್ಲಿ ಅವರು ಬೇಡ ಎಂದರು. ಎಬರ್ಟ್ ಪಕ್ಷದ ಜೊತೆ ಕೈ ಹಿಡಿದರೆ ಜನ ಕ್ಷಮಿಸುವುದಿಲ್ಲ ಎಂಬ ಭಯ. ನಮ್ಮ ಕಥೆಯಲ್ಲಿ ಅವರು ಹೂಂ ಎನ್ನುತ್ತಾರೆ. ಬದಲಾದದ್ದು ಅಷ್ಟೇ. ಯಾರಿಗೂ ಗುಂಡು ತಪ್ಪಬೇಕಿಲ್ಲ, ಯಾವ ಮಹಾನಾಯಕನೂ ಹುಟ್ಟಬೇಕಿಲ್ಲ.

ಇಲ್ಲಿಂದ ಮುಂದೆ ಊಹೆ

ಮೊದಲ ವಾರ ಕ್ರಾಂತಿ ಎಂಬ ಮಾತೇ ಕೇಳುತ್ತಿರಲಿಲ್ಲ. ಸ್ಟುಟ್‌ಗಾರ್ಟ್‌ನಿಂದ ಮರಳಿದ ಸಚಿವರಿಗೆ ಬರ್ಲಿನ್‌ನಲ್ಲಿ ಹೊಸ ಸಂಪುಟ ಎದುರಾಗುತ್ತಿತ್ತು. ಮೊದಲ ಆದೇಶ, ಫ್ರೈಕೋರ್ ಪಡೆಗಳನ್ನು ಬರಖಾಸ್ತು ಮಾಡುವುದು. ಎರಡನೆಯದು, ರೂರ್ ಕಾರ್ಮಿಕರ ಬಂದೂಕು ಕಸಿಯುವ ಬದಲು ಅವರನ್ನೇ ಕಾವಲು ಪಡೆಯಾಗಿ ಸೇರಿಸಿಕೊಳ್ಳುವುದು. ಹಳೆಯ ಸೈನ್ಯ ಸುಮ್ಮನಿರುತ್ತಿತ್ತೇ? ಇರುತ್ತಿರಲಿಲ್ಲ. ಆದರೆ ಆ ವಾರ ಅದಕ್ಕೆ ಚಲಿಸಲು ರೈಲೇ ಇರಲಿಲ್ಲ. ಕೈಗಾರಿಕಾ ದೇಶದ ವಿಶೇಷ ಇದೇ. ಅಲ್ಲಿ ಅಧಿಕಾರ ಅರಮನೆಯಲ್ಲಿ ಇರುವುದಿಲ್ಲ. ಸಿಗ್ನಲ್ ಕ್ಯಾಬಿನ್‌ನಲ್ಲಿ, ವಿದ್ಯುತ್ ಸ್ಥಾವರದಲ್ಲಿ, ಬ್ಯಾಂಕಿನ ಲೆಡ್ಜರಿನಲ್ಲಿ ಹಂಚಿಹೋಗಿರುತ್ತದೆ. ರಷ್ಯಾದಲ್ಲಿ ಚಳಿಗಾಲದ ಅರಮನೆ ಹಿಡಿದ ಹಾಗೆ ಇಲ್ಲಿ ಒಂದು ಕಟ್ಟಡ ಹಿಡಿದರೆ ಏನೂ ಸಿಗುವುದಿಲ್ಲ. ಕಾಪ್‌ಗೆ ಸಿಕ್ಕಿದ್ದೂ ಬರೀ ಕಟ್ಟಡಗಳೇ.

ಈ ವಿಶೇಷವೇ ಎರಡನೇ ತಿಂಗಳಿಂದ ಹೊಸ ಸರ್ಕಾರದ ಕುತ್ತಿಗೆಗೆ ಬರುತ್ತಿತ್ತು. ನಿಲ್ಲಿಸುವುದು ಸುಲಭ, ನಡೆಸುವುದು ಕಷ್ಟ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಟಲಿಯಲ್ಲಿ ಸುಮಾರು 5 ಲಕ್ಷ ಕಾರ್ಮಿಕರು ಕಾರ್ಖಾನೆಗಳನ್ನು ಹಿಡಿದರು. ಪ್ರಧಾನಿ ಜೊಲಿಟ್ಟಿ ಸೈನ್ಯ ಕಳಿಸಲಿಲ್ಲ. ಸುಮ್ಮನೆ ಕಾದರು. ಕಚ್ಚಾಮಾಲು, ಸಾಲ, ಮಾರಾಟ ಎಲ್ಲವೂ ಗೇಟಿನ ಹೊರಗಿದ್ದವು. ಕೆಲವೇ ವಾರಗಳಲ್ಲಿ ಎಲ್ಲ ಮುಗಿಯಿತು. ಇಡೀ ಜರ್ಮನಿಯೇ ಅಂಥ ಒಂದು ಕಾರ್ಖಾನೆ ಎಂದುಕೊಳ್ಳಿ, ಜಗತ್ತು ಅದರ ಗೇಟಿನ ಹೊರಗೆ.

ಊಟದ ಲೆಕ್ಕ ನೋಡೋಣ. ಯಾಕೆಂದರೆ ಉಳಿದೆಲ್ಲ ಲೆಕ್ಕ ಅದರ ಮೇಲೇ ನಿಂತಿದೆ. ಯುದ್ಧಕ್ಕೆ ಮುಂಚೆಯೇ ಜರ್ಮನಿ ತನಗೆ ಬೇಕಾದಷ್ಟು ಆಹಾರ ಬೆಳೆಯುತ್ತಿರಲಿಲ್ಲ. ವರ್ಸೇಲ್ಸ್ ನಂತರ ಧಾನ್ಯ ಬೆಳೆಯುವ ಪೋಸೆನ್ ಪ್ರಾಂತ್ಯದ ಬಹುಭಾಗ ಪೋಲೆಂಡಿಗೆ ಹೋಗಿತ್ತು. ಹೊರಗಿನಿಂದ ತರಲು ಹಡಗು ಬೇಕು, ಆದರೆ ದೊಡ್ಡ ವ್ಯಾಪಾರಿ ಹಡಗುಗಳನ್ನು ಮಿತ್ರರಾಷ್ಟ್ರಗಳಿಗೆ ಒಪ್ಪಿಸಿಯಾಗಿತ್ತು. ಒಳಗೇ ಹೆಚ್ಚು ಬೆಳೆಯಲು ಗೊಬ್ಬರ ಬೇಕು. ಗಾಳಿಯಿಂದ ಸಾರಜನಕ ತೆಗೆದು ಗೊಬ್ಬರ ಮಾಡುವ ವಿದ್ಯೆ ಜರ್ಮನಿಯದೇ. ಆದರೆ ಓಪ್ಪಾವ್‌ನ ಮೊದಲ ಕಾರ್ಖಾನೆ ರೈನ್‌ನ ಎಡದಂಡೆಯಲ್ಲಿ, ಫ್ರೆಂಚ್ ಸೈನಿಕರ ಕಣ್ಣೆದುರಿಗೆ. ಕೈಗೆ ಸಿಗುವುದು ಮಧ್ಯ ಜರ್ಮನಿಯ ಲಾಯ್ನಾ ಕಾರ್ಖಾನೆ ಒಂದೇ. ಅದೊಂದು ನಿಂತರೆ ಮುಂದಿನ ಸುಗ್ಗಿಯೇ ಕೈಕೊಡುತ್ತದೆ. ಕ್ರಾಂತಿಯ ಭವಿಷ್ಯ ಲಾಯ್ನಾದ ಎಂಜಿನಿಯರುಗಳು ಕೆಲಸಕ್ಕೆ ಬರುತ್ತಾರೋ ಇಲ್ಲವೋ ಅನ್ನುವುದರ ಮೇಲೆ ನಿಲ್ಲುತ್ತಿತ್ತು ಎಂದರೆ ಬಹಳ ಉತ್ಪ್ರೇಕ್ಷೆಯಲ್ಲ.

ಅವರು ಬರುತ್ತಿದ್ದರು, ದುಡ್ಡು ಕೊಟ್ಟರೆ. ರಷ್ಯಾದಲ್ಲೂ ಹಳೆಯ ಪರಿಣತರನ್ನು ಹೆಚ್ಚು ಸಂಬಳ ಕೊಟ್ಟು ಉಳಿಸಿಕೊಳ್ಳಬೇಕಾಯಿತು. ಜರ್ಮನಿಯಲ್ಲಿ ಅಂಥವರು ಎಷ್ಟೋ ಪಾಲು ಜಾಸ್ತಿ. ಕಾರ್ಖಾನೆಯ ಕೌನ್ಸಿಲ್ ಸಭೆಯಲ್ಲಿ ಫಿಟ್ಟರ್ ಮತ್ತು ಮುಖ್ಯ ಎಂಜಿನಿಯರ್ ಎದುರುಬದುರು ಕೂತು ಸಂಬಳದ ಅಂತರದ ಬಗ್ಗೆ ಜಗಳವಾಡುವುದನ್ನು ಊಹಿಸಿಕೊಳ್ಳಿ. ನನ್ನ ಪ್ರಕಾರ ಕೆಂಪು ಜರ್ಮನಿಯ ದಿನನಿತ್ಯದ ರಾಜಕೀಯ ಇದೇ ಆಗಿರುತ್ತಿತ್ತು.

ಜಮೀನಿನ ವಿಷಯದಲ್ಲಿ ಹಂಗೇರಿಯ ತಪ್ಪು ಮರುಕಳಿಸುವ ಸಾಧ್ಯತೆ ಬಹಳ. ಎಲ್ಬೆ ನದಿಯ ಪೂರ್ವಕ್ಕೆ ಯುಂಕರ್ ಎಂಬ ಜಮೀನ್ದಾರರ ದೊಡ್ಡ ಎಸ್ಟೇಟುಗಳಿದ್ದವು. ನಗರದ ಸಮಾಜವಾದಿಗಳಿಗೆ ಅವನ್ನು ತುಂಡು ಮಾಡಿ ಹಂಚುವುದು ಹಿಂದಕ್ಕೆ ಹೋದ ಹಾಗೆ ಕಾಣುತ್ತಿತ್ತು. ದೊಡ್ಡ ಹೊಲ, ಯಂತ್ರ, ಸಾಮೂಹಿಕ ಬೇಸಾಯ, ಇದು ಅವರ ಕನಸು. ಹೊಲದ ಕೂಲಿಗೆ ಬೇಕಾದದ್ದು ಮಾತ್ರ ಸ್ವಂತದ ಒಂದು ತುಂಡು ನೆಲ.

ಶತ್ರುಗಳು ಎಲ್ಲಿಂದ ಬರುತ್ತಿದ್ದರು? ಇದಕ್ಕೆ ಹೆಚ್ಚು ಊಹೆ ಬೇಕಿಲ್ಲ. ನಿಜದ ಇತಿಹಾಸದಲ್ಲೇ, 1920ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಕಾರ್ಮಿಕರನ್ನು ಅಡಗಿಸಲು ವರ್ಸೇಲ್ಸ್ ಪ್ರಕಾರ ಸೈನ್ಯ ಹೋಗಬಾರದಿದ್ದ ರೂರ್ ಒಳಗೆ ಹೋದದ್ದಕ್ಕೆ ಫ್ರಾನ್ಸ್ ಏಪ್ರಿಲ್ 6ರಂದು ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಸ್ಟಾಟ್ ನಗರಗಳನ್ನು ಹಿಡಿಯಿತು. 1923ರಲ್ಲಿ ಯುದ್ಧ ಪರಿಹಾರದ ಬಾಕಿಗಾಗಿ ರೂರ್‌ಗೇ ಬಂತು. ಕಮ್ಯುನಿಸ್ಟರು ಸೋತಾಗಲೇ ಇಷ್ಟು ಮಾಡಿದವರು ಗೆದ್ದಾಗ ಕೈಕಟ್ಟಿ ಕೂರುತ್ತಿದ್ದರೇ? ರೂರ್ ಹೋದರೆ ಕಲ್ಲಿದ್ದಲು ಹೋಯಿತು, ಉಕ್ಕು ಹೋಯಿತು. ಹಾಗಾಗಿ ಹೊಸ ಸರ್ಕಾರ ವರ್ಸೇಲ್ಸ್ ಅನ್ನು ಹರಿದುಹಾಕುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಕಲ್ಲಿದ್ದಲನ್ನು ಫ್ರಾನ್ಸಿಗೆ ಕಳಿಸುತ್ತಲೇ ಇರುತ್ತಿತ್ತು. ಕ್ರಾಂತಿಯ ಸರ್ಕಾರ ಗಣಿ ಕಾರ್ಮಿಕರಿಗೆ, ಇನ್ನೊಂದು ಪಾಳಿ ಜಾಸ್ತಿ ದುಡಿಯಿರಿ, ಪ್ಯಾರಿಸ್ಸಿಗೆ ಕಂತು ಕಟ್ಟಬೇಕು ಎಂದು ಹೇಳುವ ದೃಶ್ಯ! ರಷ್ಯಾದವರು 1918ರ ಬ್ರೆಸ್ಟ್-ಲಿಟೋವ್‌ಸ್ಕ್ ಒಪ್ಪಂದದಲ್ಲಿ ಜರ್ಮನಿಗೆ ತಲೆಬಾಗಿದ ಹಾಗೆಯೇ ಇದು.

ದಕ್ಷಿಣದಲ್ಲಿ ಬವೇರಿಯಾ. ಕಾಪ್ ದಂಗೆಯ ಅದೇ ವಾರ, ಮಾರ್ಚ್ 16ರಂದು, ಅಲ್ಲಿ ಗುಸ್ತಾವ್ ಫಾನ್ ಕಾರ್ ನೇತೃತ್ವದ ಬಲಪಂಥೀಯ ಸರ್ಕಾರ ಬಂತು. ಹಿಂದಿನ ವರ್ಷ ಮ್ಯೂನಿಕ್‌ನಲ್ಲಿ ಎದ್ದ ಸೋವಿಯತ್ ಗಣರಾಜ್ಯವನ್ನು ರಕ್ತದಲ್ಲಿ ಮುಳುಗಿಸಿದ್ದವರು ಅಲ್ಲಿ ಇನ್ನೂ ಶಸ್ತ್ರ ಹಿಡಿದಿದ್ದರು. ಬರ್ಲಿನ್ ಕೆಂಪಾದರೆ ಬವೇರಿಯಾ ಪ್ರತ್ಯೇಕವಾಗುವುದು ಹೆಚ್ಚುಕಡಿಮೆ ಖಚಿತ. ಫ್ರಾನ್ಸ್ ಅದಕ್ಕೆ ಬೆನ್ನು ತಟ್ಟುತ್ತಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಜರ್ಮನಿಯಲ್ಲಿ ಕ್ರಾಂತಿ ಗೆದ್ದಿದ್ದರೆ ಹಿಟ್ಲರ್ ಇರುತ್ತಿರಲಿಲ್ಲ ಎಂದು ಬಹಳ ಕಡೆ ಓದುತ್ತೇವೆ. ಇರಬಹುದು. ಆದರೆ ಅವನ ಪಕ್ಷ ಬೆಳೆಯುತ್ತಿದ್ದದ್ದು ಮ್ಯೂನಿಕ್‌ನಲ್ಲಿ. ಕಾಪ್‌ಗೆ ಜೊತೆಯಾಗಲೆಂದು ವಿಮಾನ ಹತ್ತಿ ಬರ್ಲಿನ್‌ಗೂ ಬಂದಿದ್ದ, ಬರುವ ಹೊತ್ತಿಗೆ ಆಟ ಮುಗಿದಿತ್ತು. ನಮ್ಮ ಕಥೆಯಲ್ಲಿ ಬರ್ಲಿನ್ ಸುತ್ತಲಿನ ಪ್ರಷ್ಯಾ ರಾಜ್ಯದಿಂದ ಓಡಿಹೋದ ಅಧಿಕಾರಿಗಳು, ಜಮೀನ್ದಾರರು, ದುಡ್ಡಿದ್ದವರು ಎಲ್ಲರೂ ಸೇರುವ ಊರು ಅದೇ ಮ್ಯೂನಿಕ್. ಅಲ್ಲಿ ಅವನು ಕಳೆದುಹೋಗುತ್ತಿದ್ದನೋ, ಇನ್ನೂ ಬೇಗ ಮೇಲೆ ಬರುತ್ತಿದ್ದನೋ? ನಾನು ಮೊದಲನೆಯದಕ್ಕೆ ದುಡ್ಡು ಕಟ್ಟುವುದಿಲ್ಲ.

ಮಾಸ್ಕೋ ಕಡೆಗೆ

ಈ ಪರ್ಯಾಯ ಕಥೆಯ ಅತಿ ಆಕರ್ಷಕ ಭಾಗ ಎಂದರೆ ರಷ್ಯಾದ ಧಾನ್ಯ ಮತ್ತು ಜರ್ಮನಿಯ ಯಂತ್ರದ ಮದುವೆ. ನಕ್ಷೆ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕ್ಯಾಲೆಂಡರ್ ನೋಡಿ. 1921ರಲ್ಲಿ ವೋಲ್ಗಾ ಪ್ರದೇಶದಲ್ಲಿ ಬರ ಬಂತು. 1921–22ರ ಕ್ಷಾಮದಲ್ಲಿ ಸುಮಾರು 50 ಲಕ್ಷ ಜನ ಸತ್ತರು. ರಷ್ಯಾದ ಬಳಿ ಕೊಡಲು ಧಾನ್ಯವೇ ಇರಲಿಲ್ಲ, ಅಮೆರಿಕದಿಂದ ಬಂದ ನೆರವು ಅವರಿಗೇ ಬೇಕಾಗಿತ್ತು. ಇದ್ದಿದ್ದರೂ ಸಾಗಿಸಲು ರೈಲು ಎಂಜಿನ್ ಇರಲಿಲ್ಲ. 1920ರಲ್ಲಿ ಸೋವಿಯತ್ ಸರ್ಕಾರ ಸ್ವೀಡನ್ ಮತ್ತು ಜರ್ಮನಿಗೆ ನೂರಾರು ಎಂಜಿನ್‌ಗಳಿಗೆ ಆರ್ಡರ್ ಕೊಟ್ಟು ಚಿನ್ನದಲ್ಲಿ ಹಣ ಕಟ್ಟಿತು. ಅಂದರೆ ಮದುವೆಯ ಮೊದಲ ಎರಡು ಮೂರು ವರ್ಷ ಎರಡೂ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಆ ವರ್ಷಗಳನ್ನು ದಾಟಿದ್ದರೆ ಚಿತ್ರ ಬೇರೆ. 1920ರ ದಶಕದ ರಷ್ಯಾದ ದೊಡ್ಡ ಗೋಳು ಏನೆಂದರೆ, ರೈತರು ಧಾನ್ಯ ಮಾರಲು ಸಿದ್ಧರಿದ್ದರೂ ಅದಕ್ಕೆ ಬದಲಾಗಿ ಕೊಡಲು ನಗರದ ಬಳಿ ನೇಗಿಲು, ಬಟ್ಟೆ, ಮೊಳೆ ಸಾಲುತ್ತಿರಲಿಲ್ಲ. ಕೊನೆಗೆ ಸ್ಟಾಲಿನ್ ಧಾನ್ಯವನ್ನು ಬಲವಂತದಿಂದ ಕಿತ್ತುಕೊಂಡು ಕಾರ್ಖಾನೆ ಕಟ್ಟಲು ಹೊರಟ. ಜರ್ಮನಿಯ ಮ್ಯಾಗ್ಡೆಬರ್ಗ್, ಕೆಮ್ನಿಟ್ಸ್ ಕಾರ್ಖಾನೆಗಳ ಸರಕು ಸಾಲದ ಮೇಲೆ ಬರುತ್ತಿದ್ದರೆ ಆ ಹಿಂಸೆಗೆ ಇದ್ದ ಒಂದು ದೊಡ್ಡ ನೆಪ ಇಲ್ಲವಾಗುತ್ತಿತ್ತು. 'ಒಂದೇ ದೇಶದಲ್ಲಿ ಸಮಾಜವಾದ' ಎಂಬ ಅವನ ಸೂತ್ರ ಬಂದದ್ದು 1924ರ ಡಿಸೆಂಬರ್‌ನಲ್ಲಿ, ಜರ್ಮನಿಯ ಕೊನೆಯ ಪ್ರಯತ್ನ ಸೋತು ಒಂದು ವರ್ಷದ ಮೇಲೆ. ಎರಡು ದೇಶಗಳಿದ್ದರೆ ಆ ಸೂತ್ರಕ್ಕೆ ಅರ್ಥವೇ ಇರುತ್ತಿರಲಿಲ್ಲ. ದೇಶದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಮಾಸ್ಕೋದಲ್ಲಿದ್ದರೂ ಅದರ ಆರಂಭದ ವರ್ಷಗಳಲ್ಲಿ ಮುಖ್ಯವಾಗಿ ಬಳಕೆಯಲ್ಲಿದ್ದದ್ದು ಜರ್ಮನ್ ಭಾಷೆ. ಕಚೇರಿಯೂ ಬರ್ಲಿನ್‌ಗೆ ಬಂದಿದ್ದರೆ ಮಾಸ್ಕೋದ ಮಾತಿಗೆ ಆ ತೂಕ ಇರುತ್ತಿರಲಿಲ್ಲ.

ಸ್ವಾತಂತ್ರ್ಯದ ಮಾತೇನು? 1918ರಲ್ಲಿ ಜೈಲಿನಲ್ಲಿ ಕೂತು ರೋಸಾ ಬೊಲ್ಶೆವಿಕರನ್ನು ಟೀಕಿಸಿ ಬರೆದಿದ್ದರು. ಸರ್ಕಾರದ ಪರ ಇರುವವರಿಗೆ ಮಾತ್ರ ಇರುವ ಸ್ವಾತಂತ್ರ್ಯ ಸ್ವಾತಂತ್ರ್ಯವೇ ಅಲ್ಲ ಎಂಬುದು ಅವರ ವಾದ. ಅದನ್ನು ಓದಿದವರು ಜರ್ಮನಿಯಲ್ಲಿ ಕ್ರಾಂತಿ ಮೃದುವಾಗಿರುತ್ತಿತ್ತು ಎನ್ನುತ್ತಾರೆ. ನನಗೆ ಒಳ್ಳೆಯ ಮನಸ್ಸಿಗಿಂತ ಅಂಕಿಗಳ ಮೇಲೆ ನಂಬಿಕೆ. 1920ರ ಜೂನ್ ಚುನಾವಣೆಯಲ್ಲಿ ಹಳೆಯ ಸೋಷಿಯಲ್ ಡೆಮಾಕ್ರಟರಿಗೆ ಬಿದ್ದದ್ದು ಸುಮಾರು ಶೇ 22, ಸ್ವತಂತ್ರರಿಗೆ ಸುಮಾರು 18, ಕಮ್ಯುನಿಸ್ಟರಿಗೆ 2. ಸಂಘಗಳ ಸದಸ್ಯರು ಸುಮಾರು 80 ಲಕ್ಷ. ಇಂಥ ದೇಶದಲ್ಲಿ ಒಂದೇ ಪಕ್ಷ ಆಳಬೇಕೆಂದರೆ ಕಾರ್ಮಿಕರ ಮೇಲೇ ಗುಂಡು ಹಾರಿಸಬೇಕು. ಹಾಗಾಗಿ ಎರಡು ಮೂರು ಸಮಾಜವಾದಿ ಪಕ್ಷಗಳು ಕೌನ್ಸಿಲ್‌ನಲ್ಲಿ ಕಿತ್ತಾಡುತ್ತಾ ಉಳಿಯುವುದು ಬಹಳ ಮಟ್ಟಿಗೆ ಅನಿವಾರ್ಯ.

ಆದರೆ ಅದೇ ಅಂಕಿ ಇನ್ನೊಂದನ್ನೂ ಹೇಳುತ್ತದೆ. ಮೂವರನ್ನೂ ಕೂಡಿಸಿದರೆ 42. ಜಗತ್ತಿನ ಅತಿ ಬಲವಾದ ಕಾರ್ಮಿಕ ಚಳವಳಿ ಇದ್ದ ದೇಶದಲ್ಲೂ, ಬಲಪಂಥೀಯರು ಮುಖ ಕಳೆದುಕೊಂಡ ಮೂರೇ ತಿಂಗಳಿಗೆ, ಅರ್ಧಕ್ಕಿಂತ ಹೆಚ್ಚು ಜನ ಬೇರೆ ಕಡೆ ಮತ ಹಾಕಿದರು. ಸಣ್ಣ ಅಂಗಡಿಯವರು, ರೈತರು, ಕ್ಯಾಥೊಲಿಕ್ ಕಾರ್ಮಿಕರು, ಗುಮಾಸ್ತರು. ಮಾರ್ಚ್‌ನಲ್ಲಿ ಕಾಪ್ ವಿರುದ್ಧ ಮುಷ್ಕರ ಮಾಡಿದ ಗುಮಾಸ್ತನೇ ಜೂನ್‌ನಲ್ಲಿ ಸಮಾಜವಾದ ಬೇಡ ಎಂದಿರಬಹುದು. ಇವರನ್ನು ಏನು ಮಾಡುವುದು? ಚುನಾವಣೆ ಇಟ್ಟರೆ ಸೋಲು, ಇಡದಿದ್ದರೆ ರೋಸಾ ಬರೆದದ್ದಕ್ಕೆ ವಿರುದ್ಧ. ಮುಂದೆ 1948ರ ಫೆಬ್ರವರಿಯಲ್ಲಿ ಕೈಗಾರಿಕೆ ಬೆಳೆದಿದ್ದ ಜೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಅವರು 1946ರಲ್ಲಿ ನ್ಯಾಯವಾಗಿಯೇ ಶೇ 38 ಮತ ಪಡೆದಿದ್ದರು. ಉಳಿದ ಶೇ 62 ಜನರ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಜೈಲು. ಕೆಲವೇ ವರ್ಷಗಳಲ್ಲಿ ಆ ಜೈಲಿಗೆ ಅವರ ಸ್ವಂತ ನಾಯಕರೂ ಹೋದರು. ಹಿಂದೆ ಸೋವಿಯತ್ ನೆರಳಿತ್ತು, ಆದ್ದರಿಂದ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಕೆಂಪು ಬರ್ಲಿನ್ ಬಗ್ಗೆ ಯೋಚಿಸುವಾಗ ನಾನು ಪ್ರಾಗ್ ಅನ್ನು ಮರೆಯುವುದಿಲ್ಲ.

ನಿಜದಲ್ಲಿ ನಡೆದದ್ದು ಇಷ್ಟು. ಸ್ವತಂತ್ರರು ಬೇಡ ಎಂದರು. ಸರ್ಕಾರ ಒಂಬತ್ತು ಬೇಡಿಕೆಗಳಿಗೆ ಕಾಗದದ ಮೇಲೆ ಒಪ್ಪಿತು. ಮುಷ್ಕರ ಮುಗಿಯಿತು, ರೈಲು ಓಡಿತು. ಆ ರೈಲಿನಲ್ಲೇ ಸೈನ್ಯ ರೂರ್ ಕಡೆಗೆ ಹೋಯಿತು. ಏಪ್ರಿಲ್‌ನಲ್ಲಿ ಅಲ್ಲಿ 1,000ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಕಾಪ್ ವಿರುದ್ಧ ಗುಂಡು ಹಾರಿಸಲು ಒಪ್ಪದ ಸೀಕ್ಟ್ ಸೈನ್ಯದ ಮುಖ್ಯಸ್ಥರಾದರು.

ಅಕ್ಟೋಬರ್‌ನಲ್ಲಿ ಹಾಲೆ ನಗರದಲ್ಲಿ ಸ್ವತಂತ್ರರ ಮಹಾಸಭೆ ಸೇರಿತು. ಮಾಸ್ಕೋದಿಂದ ಬಂದ ಬೊಲ್ಶೆವಿಕ್ ನಾಯಕ ಜಿನೊವೀವ್ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಜರ್ಮನ್ ಭಾಷೆಯಲ್ಲಿ ಮಾತನಾಡಿದರು. ಬಹುಮತ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಕಡೆ ಬಂತು. ಪಕ್ಷ ಒಡೆಯಿತು. ಜರ್ಮನಿಯಲ್ಲಿ ಮೊದಲ ಸಲ ಲಕ್ಷಗಟ್ಟಲೆ ಸದಸ್ಯರಿರುವ ಕಮ್ಯುನಿಸ್ಟ್ ಪಕ್ಷ ಹುಟ್ಟಿತು, ಮುಷ್ಕರ ಮುಗಿದು ಎಂಟು ತಿಂಗಳಿಗೂ ಹೆಚ್ಚು ಕಳೆದ ಮೇಲೆ. ಲೆಗೀನ್ ಡಿಸೆಂಬರ್‌ನಲ್ಲಿ ತೀರಿಕೊಂಡರು. ಜಿನೊವೀವ್‌ರನ್ನು ಸರ್ಕಾರ ದೇಶ ಬಿಟ್ಟು ಹೋಗಿ ಎಂದು ಹೊರಗೆ ಕಳಿಸಿತು.